ಟೈಟಾನಿಯಂ ತೆಗೆದು ಸ್ಟೀಲ್ ಹಾಕೋಣ: ಮೊಟೊಕ್ರಾಸ್ ಬೈಕಿನ ವಾಲ್ವ್ ಬದಲಿಸುವ ಸಮಗ್ರ ಮಾರ್ಗದರ್ಶಿ

ಮಂಡ್ಯದ ಹತ್ತಿರ, ಕಬ್ಬು ಕಡಿದು ಖಾಲಿ ಬಿದ್ದ ಹೊಲದಲ್ಲಿ ಗೆಳೆಯರೇ ಸೇರಿ ಮಾಡಿಕೊಂಡ ಒಂದು ಮಣ್ಣಿನ ಟ್ರ್ಯಾಕ್ ಇದೆ. ಒಂದು ಭಾನುವಾರ ಬೆಳಿಗ್ಗೆ ಬೈಕ್ ಎರಡನೇ ಕಿಕ್‌ಗೇ ಸ್ಟಾರ್ಟ್ ಆಯಿತು. ಅರ್ಧ ಗಂಟೆ ಓಡಿಸಿ ನೀರು ಕುಡಿಯಲು ನಿಲ್ಲಿಸಿದೆ. ಆಮೇಲೆ ಇಪ್ಪತ್ತು ಕಿಕ್ ಹೊಡೆದರೂ ಜಪ್ಪಯ್ಯ ಅನ್ನಲಿಲ್ಲ. ಒಬ್ಬ ಪ್ಲಗ್ ಅಂದ, ಇನ್ನೊಬ್ಬ ಕಾರ್ಬ್ಯುರೇಟರ್ ಅಂದ. ಎರಡನ್ನೂ ನೋಡಿದ್ದಾಯಿತು. ಕೊನೆಗೆ ಇಬ್ಬರು ತಳ್ಳಿದ ಮೇಲೆ ಹೊತ್ತಿಕೊಂಡಿತು. ಮನೆಗೆ ಬಂದು ಮರುದಿನ ಟ್ಯಾಪೆಟ್ ಕವರ್ ಬಿಚ್ಚಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿದರೆ, ಇಂಜಿನ್‌ಗೆ ಗಾಳಿ, ಪೆಟ್ರೋಲ್ ಬಿಡುವ ಇನ್‌ಟೇಕ್ ವಾಲ್ವ್‌ಗೂ ಅದನ್ನು ಒತ್ತಿ ತೆರೆಯುವ ಕ್ಯಾಮ್‌ಗೂ ನಡುವೆ ಗ್ಯಾಪ್ ಅನ್ನುವುದೇ ಇರಲಿಲ್ಲ. ಅತಿ ತೆಳುವಾದ ಪಟ್ಟಿಯೂ ಒಳಗೆ ಹೋಗಲಿಲ್ಲ.

ನನ್ನದು ಕಾರ್ಬ್ಯುರೇಟರ್ ಕಾಲದ ಹಳೆ 250 ಸಿಸಿ ಮೊಟೊಕ್ರಾಸ್ (ಮಣ್ಣಿನ ಟ್ರ್ಯಾಕ್ ರೇಸ್) ಬೈಕ್. ಎರಡು ಕ್ಯಾಮ್, ನಾಲ್ಕು ವಾಲ್ವ್, ನಾಲ್ಕೂ ಟೈಟಾನಿಯಂ. ಈಗ ಅದರಲ್ಲಿ ಸ್ಟೀಲ್ ವಾಲ್ವ್ ಇವೆ. ಆ ಕೆಲಸ ಹೇಗೆ ಮಾಡುವುದು, ಎಲ್ಲಿ ಎಡವುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು. ವಾಲ್ವ್ ಕೊಳ್ಳುವುದು ಈ ಕೆಲಸದ ಸುಲಭದ ಭಾಗ. ವಾಲ್ವ್ ಮುಚ್ಚಿದಾಗ ಕೂರುವ ಉಂಗುರ, ಅಂದರೆ ಸೀಟ್, ಸರಿಯಾಗಿ ಕಟ್ ಮಾಡಿಸದೆ, ಸ್ಪ್ರಿಂಗ್ ಬದಲಿಸದೆ, ಏರ್ ಫಿಲ್ಟರ್ ನೋಡಿಕೊಳ್ಳದೆ ಎಷ್ಟು ಗಟ್ಟಿ ವಾಲ್ವ್ ಹಾಕಿದರೂ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಟೈಟಾನಿಯಂ ಯಾಕೆ ಹಾಕಿದರು, ಯಾಕೆ ಸವೆಯುತ್ತದೆ

ನಮ್ಮ ಮೈಸೂರು ಮೂಲತಃ ಟೂ ಸ್ಟ್ರೋಕ್ ಊರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಶುರುವಿನಿಂದ 1996ರವರೆಗೆ ಜಾವಾ, ಯೆಜ್ಡಿ ಮಾಡಿತು. ಆ ಇಂಜಿನ್‌ಗಳಿಗೆ ವಾಲ್ವೇ ಇಲ್ಲ. ಅದರಲ್ಲೇ ಕೈ ಪಳಗಿದ ಹಳೆ ಮೆಕ್ಯಾನಿಕ್ ಒಬ್ಬರಿಗೆ ನನ್ನ ಇಂಜಿನ್‌ನ ಹೆಡ್ (ವಾಲ್ವ್, ಕ್ಯಾಮ್ ಕೂರುವ ಮೇಲ್ಭಾಗ) ತೋರಿಸಿದಾಗ ನಕ್ಕುಬಿಟ್ಟರು. "ಇಷ್ಟೆಲ್ಲ ಸಾಮಾನು ಯಾಕಪ್ಪ ಬೇಕು?" ಅಂದರು. ತಪ್ಪೇನಿಲ್ಲ. ಮೊಟೊಕ್ರಾಸ್ ಕೂಡ ಬಹಳ ಕಾಲ ಟೂ ಸ್ಟ್ರೋಕ್ ಆಟವೇ ಆಗಿತ್ತು. 1998ರಲ್ಲಿ ಯಮಹಾ ವೈಝಡ್400ಎಫ್ ಬಂದ ಮೇಲೆ ಗಾಳಿ ತಿರುಗಿತು. 2001ರಲ್ಲಿ ವೈಝಡ್250ಎಫ್ ಬಂತು, 2004ರ ಹೊತ್ತಿಗೆ ಹೋಂಡಾ, ಕವಾಸಾಕಿ, ಸುಜುಕಿ ಎಲ್ಲರ ಹತ್ತಿರವೂ ಫೋರ್ ಸ್ಟ್ರೋಕ್ 250 ಇತ್ತು.

ಇಷ್ಟು ಚಿಕ್ಕ ಇಂಜಿನ್‌ನಿಂದ ಶಕ್ತಿ ತೆಗೆಯಬೇಕಾದರೆ ಜೋರಾಗಿ ತಿರುಗಿಸಬೇಕು. ಇಂಜಿನ್ 13,000 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ತಿರುಗಿದರೆ ಕ್ಯಾಮ್ ಅದರ ಅರ್ಧ, ಅಂದರೆ 6,500 ಸುತ್ತು. ಒಂದೊಂದು ವಾಲ್ವ್ ಸೆಕೆಂಡಿಗೆ 108 ಸಲ ತೆರೆದು ಮುಚ್ಚುತ್ತದೆ. ವಾಲ್ವ್ ಭಾರ ಇದ್ದಷ್ಟೂ ಅದನ್ನು ವಾಪಸ್ ಎಳೆಯುವುದು ಸ್ಪ್ರಿಂಗ್‌ಗೆ ಕಷ್ಟ. ಟೈಟಾನಿಯಂ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 4.5 ಗ್ರಾಂ ತೂಗಿದರೆ ಸ್ಟೀಲ್ 7.9 ಗ್ರಾಂ ಹತ್ತಿರ ಬರುತ್ತದೆ. ಅದಕ್ಕೇ ಟೈಟಾನಿಯಂ.

ಆದರೆ ಟೈಟಾನಿಯಂ ಹಗುರ, ಗಟ್ಟಿ ಎರಡೂ ಹೌದಾದರೂ ಉಜ್ಜಾಟ ತಡೆಯುವುದಿಲ್ಲ. ಹಾಗಾಗಿ ವಾಲ್ವ್ ಮೇಲೆ ತುಂಬಾ ತೆಳುವಾದ, ಗಡುಸಾದ ಒಂದು ಕೋಟಿಂಗ್ ಇರುತ್ತದೆ. ಆ ಕೋಟಿಂಗ್ ಇರುವವರೆಗೆ ಎಲ್ಲ ಚೆನ್ನ. ಈಗ ನಮ್ಮ ಧೂಳು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಕಬ್ಬಿನ ಗಾಡಿ ಓಡಾಡಿದ ದಾರಿ ರಾಗಿಹಿಟ್ಟಿನ ಹಾಗೆ ನುಣ್ಣಗೆ ಆಗಿರುತ್ತದೆ. ಫಿಲ್ಟರ್ ದಾಟಿ ಬಂದ ಚೂರು ಧೂಳು ಇನ್‌ಟೇಕ್ ವಾಲ್ವ್ ಮತ್ತು ಸೀಟಿನ ನಡುವೆ ಸಿಕ್ಕಿ ಮರಳು ಕಾಗದದ ಕೆಲಸ ಮಾಡುತ್ತದೆ. ಕೋಟಿಂಗ್ ಒಂದು ಕಡೆ ಹೋಯಿತು ಅಂದರೆ ಮುಗಿಯಿತು. ಆಮೇಲೆ ಸವೆತ ದಿನದಿಂದ ದಿನಕ್ಕೆ ಜೋರಾಗುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಿಂತ ಇನ್‌ಟೇಕ್ ಮೊದಲು ಹೋಗುವುದು ಇದಕ್ಕೇ: ಧೂಳಿಗೆ ಮೊದಲ ಬಾಗಿಲು ಅದೇ.

ಇಲ್ಲಿ ನಮ್ಮ ಕಿವಿ ನಮಗೇ ಮೋಸ ಮಾಡುತ್ತದೆ. ಊರಲ್ಲಿ ಓಡಿಸುವ ಬೈಕ್‌ನಲ್ಲಿ ಟ್ಯಾಪೆಟ್ ಲೂಸ್ ಆದರೆ ಟಕಟಕ ಅನ್ನುತ್ತದೆ, ಗೊತ್ತಾಗುತ್ತದೆ. ಇಲ್ಲಿ ಉಲ್ಟಾ. ವಾಲ್ವ್ ಸವೆದು ಸೀಟಿನ ಒಳಕ್ಕೆ ಹೋದಂತೆ ಅದರ ತುದಿ ಮೇಲಕ್ಕೆ, ಕ್ಯಾಮ್ ಕಡೆಗೆ ಬರುತ್ತದೆ. ಗ್ಯಾಪ್ ಕಮ್ಮಿಯಾಗುತ್ತದೆ. ಶಬ್ದ ಇನ್ನೂ ಕಡಿಮೆಯಾಗುತ್ತದೆ. "ಇಂಜಿನ್ ಎಷ್ಟು ಸ್ಮೂತ್ ಆಗಿದೆ ನೋಡು" ಅಂತ ನಾನೇ ಗೆಳೆಯನಿಗೆ ಹೇಳಿದ್ದೆ, ಸರಿಯಾಗಿ ಎರಡು ವಾರ ಮುಂಚೆ.

ಗ್ಯಾಪ್ ಪೂರ್ತಿ ಹೋದ ಮೇಲೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಬಿಸಿ ಇಂಜಿನ್ ಸ್ಟಾರ್ಟ್ ಆಗದಿರುವುದು ಮೊದಲ ಲಕ್ಷಣ. ಹಾಗೇ ಓಡಿಸುತ್ತಾ ಹೋದರೆ ಒಂದು ದಿನ ವಾಲ್ವ್ ತಲೆ ಮುರಿದು ಪಿಸ್ಟನ್ ಮೇಲೆ ಬೀಳಬಹುದು. ಆಗ ಹೆಡ್, ಪಿಸ್ಟನ್, ಸಿಲಿಂಡರ್ ಎಲ್ಲಕ್ಕೂ ಒಟ್ಟಿಗೆ ಎಳ್ಳುನೀರು.

ನಿಮಗೆ ಸ್ಟೀಲ್ ಬೇಕಾ?

ಎಲ್ಲರಿಗೂ ಬೇಡ. ನೀವು ನಿಜವಾಗಿ ರೇಸ್ ಓಡಿಸುವವರು, ಇಂತಿಷ್ಟು ಗಂಟೆಗೆ ವಾಲ್ವ್ ಬದಲಿಸುವುದು ಲೆಕ್ಕದಲ್ಲೇ ಇದೆ, ಕೊನೆಯ ಸಾವಿರ ಆರ್‌ಪಿಎಂ ಶಕ್ತಿಯೂ ಬೇಕು ಅಂದರೆ ಟೈಟಾನಿಯಂನಲ್ಲೇ ಇರಿ. ವಾರಕ್ಕೊಮ್ಮೆ ಖುಷಿಗೆ ಓಡಿಸುವ ನನ್ನಂಥವರಿಗೆ, ಒಂದು ಪಾರ್ಟ್ ತರಿಸಲು ವಾರಗಟ್ಟಲೆ ಕಾಯುವವರಿಗೆ, ಹಳೆ ಬೈಕ್ ಕೊಂಡವರಿಗೆ ಸ್ಟೀಲ್ ಸರಿ. ಓಡಿಸುವಾಗ ವ್ಯತ್ಯಾಸ ಗೊತ್ತಾಗುತ್ತದಾ ಅಂತ ಕೇಳುತ್ತಾರೆ. ನನಗಂತೂ ಗೊತ್ತಾಗಲಿಲ್ಲ. ನಾನು ಅಷ್ಟು ಜೋರಾಗಿ ಓಡಿಸುವವನೂ ಅಲ್ಲ ಬಿಡಿ.

ಇನ್ನೊಂದು ಪ್ರಶ್ನೆ: ಶಿಮ್ (ವಾಲ್ವ್ ತುದಿಯ ಮೇಲೆ ಕೂರುವ ಚಿಕ್ಕ ಬಿಲ್ಲೆ) ಬದಲಿಸಿ ಗ್ಯಾಪ್ ಸರಿಮಾಡಿದರೆ ಸಾಲದಾ? ಹೊಸ ವಾಲ್ವ್ ಕೂತುಕೊಳ್ಳುವಾಗ ಒಂದು ಸಲ ಶಿಮ್ ಬದಲಿಸುವುದು ಸಹಜ. ಎರಡನೇ ಸಲವೂ ಬೇಕಾಯಿತು, ಅದೂ ಬೇಗನೇ ಬೇಕಾಯಿತು ಅಂದರೆ ಕೋಟಿಂಗ್ ಹೋಗಿದೆ ಅಂತಲೇ ಅರ್ಥ. ಆಗ ಶಿಮ್ ಹಾಕುವುದು ಕಾಯಿಲೆ ಮುಚ್ಚಿಡುವ ಕೆಲಸ.

ಮೊದಲು ಅಳತೆ

ಇಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯೆಲ್ಲ ನಿಂತ ಬೈಕ್ ಆದರೆ ಒಳ್ಳೆಯದು. ಪ್ಲಗ್ ತೆಗೆದು, ಇಂಜಿನ್ ಪಕ್ಕದ ಕಿಂಡಿಯಲ್ಲಿ ಟಿಡಿಸಿ (ಪಿಸ್ಟನ್ ತೀರಾ ಮೇಲೆ ಬಂದ ಸ್ಥಾನ) ಗುರುತು ಸರಿಹೊಂದಿಸಿ. ಕಂಪ್ರೆಷನ್ ಸ್ಟ್ರೋಕ್‌ನ ಟಿಡಿಸಿಯೇ ಆಗಿರಬೇಕು, ಅಂದರೆ ಎರಡೂ ಕ್ಯಾಮ್‌ಗಳ ಮೂಗು ವಾಲ್ವ್ ಮೇಲೆ ಒತ್ತುತ್ತಿರಬಾರದು. ಗೊತ್ತಾಗದಿದ್ದರೆ ಇನ್ನೊಂದು ಸುತ್ತು ತಿರುಗಿಸಿ ನೋಡಿ.

ನನ್ನ ಬೈಕಿನ ಅಳತೆ ಇನ್‌ಟೇಕ್‌ಗೆ 0.10ರಿಂದ 0.15 ಮಿ.ಮೀ., ಎಕ್ಸಾಸ್ಟ್‌ಗೆ 0.17ರಿಂದ 0.22 ಮಿ.ಮೀ. ನಿಮ್ಮದಕ್ಕೆ ಬೇರೆ ಇರಬಹುದು. ಸರ್ವಿಸ್ ಮ್ಯಾನುಯಲ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬೋಲ್ಟ್ ಟಾರ್ಕ್, ಟೈಮಿಂಗ್ ಗುರುತು, ಸವೆತದ ಮಿತಿ ಎಲ್ಲ ಅದರಲ್ಲೇ ಇರುವುದು.

ನಾಲ್ಕೂ ವಾಲ್ವ್ ಅಳೆದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆಮೇಲೆ ಸಾಧ್ಯವಾದರೆ ಲೀಕ್ ಡೌನ್ ಟೆಸ್ಟ್ ಮಾಡಿಸಿ. ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಅಂತ ಕೇಳುವುದು ಅಷ್ಟೇ. ಕಾರ್ಬ್ಯುರೇಟರ್ ಕಡೆ ಬುಸ್ ಅಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ಕಡೆ ಅಂದರೆ ಎಕ್ಸಾಸ್ಟ್, ಕ್ರ್ಯಾಂಕ್ ಕೇಸ್ ಉಸಿರಾಟದ ಪೈಪಿನಲ್ಲಿ ಅಂದರೆ ಪಿಸ್ಟನ್ ರಿಂಗ್. ಸಾಮಾನ್ಯ ಕಂಪ್ರೆಷನ್ ಗೇಜ್ ನಂಬಬೇಡಿ. ಕಿಕ್ ಸುಲಭವಾಗಲಿ ಅಂತ ಈ ಬೈಕ್‌ಗಳಲ್ಲಿ ಕಂಪ್ರೆಷನ್ ಬಿಡುವ ವ್ಯವಸ್ಥೆ ಇರುತ್ತದೆ. ಅದರಿಂದ ಗೇಜ್ ಸುಮ್ನೆ ಕಡಿಮೆ ತೋರಿಸುತ್ತದೆ.

ಏನೇನು ತರಿಸಬೇಕು

ವಾಲ್ವ್ ಮಾತ್ರ ತರಿಸಬೇಡಿ, ಕಿಟ್ ತರಿಸಿ. ಕಿಬ್ಬಲ್‌ವೈಟ್, ಪ್ರೋಎಕ್ಸ್ ಥರದ ಕಂಪನಿಗಳು ಮೊಟೊಕ್ರಾಸ್ ಬೈಕ್‌ಗಳಿಗೆ ಸ್ಟೀಲ್ ವಾಲ್ವ್ ಮಾಡುತ್ತವೆ. ಕಿಟ್‌ನಲ್ಲಿ ವಾಲ್ವ್ ಜೊತೆ ಆ ತೂಕಕ್ಕೆ ಹೊಂದುವ ಸ್ಪ್ರಿಂಗ್ ಇರಬೇಕು. ಇದು ಬಹಳ ಮುಖ್ಯ. ಭಾರದ ವಾಲ್ವ್‌ಗೆ ಹಳೆ ಸ್ಪ್ರಿಂಗ್ ಉಳಿಸಿದರೆ, ಜೋರಾಗಿ ತಿರುಗಿಸಿದಾಗ ವಾಲ್ವ್ ಕ್ಯಾಮ್ ಹಿಂದೆ ಓಡಲಾಗದೆ ಗಾಳಿಯಲ್ಲಿ ತೇಲುತ್ತದೆ. ಮೇಲೆ ಬರುವ ಪಿಸ್ಟನ್‌ಗೆ ಅದು ಬಡಿದರೆ ಕಥೆ ಮುಗಿಯಿತು. ಸ್ಪ್ರಿಂಗ್ ಮೇಲಿನ ರಿಟೇನರ್, ಅದನ್ನು ಹಿಡಿಯುವ ಲಾಕ್ ಕೂಡ ಅದೇ ಕಿಟ್‌ನದ್ದೇ ಆಗಿರಲಿ. ಒಂದು ಕಂಪನಿಯ ವಾಲ್ವ್‌ಗೆ ಇನ್ನೊಂದರ ಲಾಕ್ ಹಾಕಬೇಡಿ.

ಜೊತೆಗೆ ವಾಲ್ವ್ ಸ್ಟೆಮ್ (ವಾಲ್ವ್‌ನ ಕಡ್ಡಿ) ಸೀಲ್, ಹೆಡ್ ಗ್ಯಾಸ್ಕೆಟ್ ಸೆಟ್, ಕ್ಯಾಮ್ ತಿರುಗಿಸುವ ಹೊಸ ಟೈಮಿಂಗ್ ಚೈನ್, ಪಿಸ್ಟನ್ ಮತ್ತು ರಿಂಗ್. ಪಿಸ್ಟನ್ ಯಾಕೆ ಅಂದರೆ, ಹೇಗೂ ಅಷ್ಟು ಬಿಚ್ಚಿರುತ್ತೀರಿ. ಹಳೆ ಪಿಸ್ಟನ್ ಎಷ್ಟು ಗಂಟೆ ಓಡಿದೆ ಅಂತ ಗೊತ್ತಿಲ್ಲದಿದ್ದರೆ ಬದಲಿಸಿಬಿಡಿ. ಶಿಮ್‌ಗಳನ್ನು ಬಿಡಿಯಾಗಿ ತರಿಸುವ ಬದಲು ಒಂದು ಡಬ್ಬಿ ತೆಗೆದುಕೊಂಡು ನಾಲ್ಕು ಗೆಳೆಯರು ಹಂಚಿಕೊಂಡರೆ ಜಾಣತನ. ಶಿಮ್‌ನ ವ್ಯಾಸ ಬೈಕಿಗೆ ಬೈಕಿಗೆ ಬೇರೆ, 7.48 ಮತ್ತು 9.48 ಮಿ.ಮೀ. ಹೆಚ್ಚು ಕಾಣುತ್ತವೆ. ನೋಡಿ ಕೊಳ್ಳಿ.

ಇನ್‌ಟೇಕ್ ಎರಡನ್ನು ಮಾತ್ರ ಬದಲಿಸಬಹುದಾ? ಬದಲಿಸಬಹುದು. ಎಕ್ಸಾಸ್ಟ್ ವಾಲ್ವ್ ಅಳತೆ ಅಲುಗಾಡದೆ ನಿಂತಿದ್ದರೆ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಕೆಲವು ಬೈಕ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ಮೊದಲಿಂದಲೂ ಸ್ಟೀಲೇ ಇರುತ್ತದೆ. ನನ್ನದರಲ್ಲಿ ಎಕ್ಸಾಸ್ಟ್ ಕೂಡ ಕೊನೆ ಹಂತದಲ್ಲಿತ್ತು, ನಾಲ್ಕನ್ನೂ ಹಾಕಿದೆ.

ಬಿಚ್ಚುವ ಕೆಲಸ

ಬೈಕ್ ಚೆನ್ನಾಗಿ ತೊಳೆಯಿರಿ. ಟ್ಯಾಂಕ್ ಕೆಳಗೆ, ಫ್ರೇಮ್ ಸಂದಿಯಲ್ಲಿ ಅಂಟಿರುವ ಕೆಮ್ಮಣ್ಣು ಒಂದು ಚಿಟಿಕೆ ಒಳಗೆ ಬಿದ್ದರೂ ಮಾಡಿದ ಕೆಲಸವೆಲ್ಲ ವ್ಯರ್ಥ. ಒಣಗಿದ ಮೇಲೆ ನಾವು ಕೂರುವ ಸೀಟ್, ಟ್ಯಾಂಕ್, ಸೈಲೆನ್ಸರ್ ತೆಗೆದು, ಕೂಲೆಂಟ್ ಖಾಲಿ ಮಾಡಿ, ರೇಡಿಯೇಟರ್ ಪೈಪ್ ಮತ್ತು ಕಾರ್ಬ್ಯುರೇಟರ್ ಬಿಡಿಸಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆಯಿರಿ. ನೆನಪಿರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇರಲ್ಲ.

ಟಿಡಿಸಿಯಲ್ಲಿಟ್ಟು, ಕ್ಯಾಮ್ ಗೇರ್ ಮೇಲಿನ ಗುರುತುಗಳ ಫೋಟೋ ತೆಗೆದ ಮೇಲೆ ಮೊದಲು ಟೈಮಿಂಗ್ ಚೈನ್ ಬಿಗಿಹಿಡಿಯುವ ಟೆನ್ಷನರ್ ಬಿಚ್ಚಿ. ಅದನ್ನು ಬಿಡಿಸದೆ ಕ್ಯಾಮ್ ಕ್ಯಾಪ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಬೇಡಿ. ಚೈನ್ ಓಡುವ ಬಾವಿಗೆ ಒಂದು ಶುಭ್ರ ಬಟ್ಟೆ ತುರುಕಿ. ಕ್ಯಾಮ್ ಕ್ಯಾಪ್ ಬೋಲ್ಟ್‌ಗಳನ್ನು ಒಂದೇ ಸಲ ಪೂರ್ತಿ ಬಿಚ್ಚದೆ, ಅಡ್ಡಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕ್ಯಾಪ್ ಎತ್ತುವಾಗ ಅದರ ಅಡಿಗೆ ಅಂಟಿಕೊಂಡು ಬರುವ ಚಿಕ್ಕ ಡೋವೆಲ್ ಪಿನ್, ಬೇರಿಂಗ್ ಹಿಡಿಯುವ ಅರ್ಧಚಂದ್ರ ಕ್ಲಿಪ್ ಇವುಗಳ ಮೇಲೆ ಕಣ್ಣಿರಲಿ. ನನ್ನ ಒಂದು ಕ್ಲಿಪ್ ಟಣ್ ಅಂತ ಹಾರಿ ಬಾವಿಯ ಬಟ್ಟೆ ಮೇಲೆ ಕೂತಿತ್ತು. ಬಟ್ಟೆ ಇರದಿದ್ದರೆ ಇಡೀ ಇಂಜಿನ್ ಬಿಚ್ಚಬೇಕಿತ್ತು.

ಕ್ಯಾಮ್ ತೆಗೆದ ಮೇಲೆ ಚೈನನ್ನು ತಂತಿಯಿಂದ ಫ್ರೇಮ್‌ಗೆ ಕಟ್ಟಿ. ಈಗ ಕ್ಯಾಮ್ ಮತ್ತು ವಾಲ್ವ್ ನಡುವೆ ಕೂರುವ ಚಿಕ್ಕ ಬಟ್ಟಲು, ಅಂದರೆ ಬಕೆಟ್‌ಗಳನ್ನು ಅಯಸ್ಕಾಂತದಿಂದ ಮೇಲೆತ್ತಿ. ಬಕೆಟ್ ಒಳಗೋ ರಿಟೇನರ್ ಮೇಲೋ ಶಿಮ್ ಕೂತಿರುತ್ತದೆ. ಯಾವ ವಾಲ್ವ್‌ನದ್ದು ಯಾವುದು ಅಂತ ಬೆರೆಸಿಕೊಳ್ಳಬಾರದು. ಇದಕ್ಕೆ ನಾನು ಕಂಡ ಅತ್ಯುತ್ತಮ ಸಾಧನ ನಾಲ್ಕು ಗುಳಿಯ ಇಡ್ಲಿ ತಟ್ಟೆ. ನಾಲ್ಕು ವಾಲ್ವ್, ನಾಲ್ಕು ಗುಳಿ. ಮನೆಯಲ್ಲಿ ಬೈಸಿಕೊಳ್ಳದಿರಲು ಹಳೆಯದೊಂದನ್ನು ಬೇರೆ ಕೊಂಡುಬಿಡಿ.

ಹೆಡ್ ಬೋಲ್ಟ್‌ಗಳನ್ನೂ ಅಡ್ಡಡ್ಡವಾಗಿ ಬಿಚ್ಚಿ, ಹೆಡ್ ಎತ್ತಿ. ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ, ಅಲ್ಯೂಮಿನಿಯಂ ಮೈ ಗೀರಿದರೆ ಗ್ಯಾಸ್ಕೆಟ್ ನಿಲ್ಲುವುದಿಲ್ಲ.

ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಒತ್ತಿದರೆ ಲಾಕ್‌ಗಳು ಸಡಿಲವಾಗುತ್ತವೆ. ತೆಗೆದಾದ ಮೇಲೆ ಒಂದು ನಿಮಿಷ ನಿಲ್ಲಿ. ವಾಲ್ವ್ ತುದಿಯಲ್ಲಿ ಲಾಕ್ ಕೂರುವ ಕಚ್ಚಿನಲ್ಲಿ ಚೂಪಾದ ಅಂಚು ಎದ್ದಿದೆಯಾ ಅಂತ ಬೆರಳಿನಿಂದ ಸವರಿ ನೋಡಿ. ಇದ್ದರೆ ಎಣ್ಣೆಕಲ್ಲಿನಿಂದ ತಿಕ್ಕಿ ಆಮೇಲೆ ಎಳೆಯಿರಿ. ಇಲ್ಲದಿದ್ದರೆ ಆ ಅಂಚು ಗೈಡ್ (ವಾಲ್ವ್ ಸ್ಟೆಮ್ ಓಡಾಡುವ ಕೊಳವೆ) ಒಳಗೆಲ್ಲ ಗೀರು ಎಳೆಯುತ್ತಾ ಬರುತ್ತದೆ.

ಹಳೆ ವಾಲ್ವ್ ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ. ಸೀಟ್‌ಗೆ ತಾಗುವ ಪಟ್ಟಿಯಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಹಳ್ಳ ಕಾಣಬಹುದು. ನನ್ನದರಲ್ಲಿ ಬಳೆ ಕೂರುವಷ್ಟು ಸ್ಪಷ್ಟವಾಗಿತ್ತು.

ಸೀಟ್ ಕಟಿಂಗ್: ಇಡೀ ಕೆಲಸದ ಜೀವ

ಇಲ್ಲಿ ನನ್ನ ದಡ್ಡತನದ ಕಥೆ ಹೇಳಲೇಬೇಕು. ಸ್ಟೀಲ್‌ಗೆ ಹೋಗುವ ಮುಂಚೆ ಒಂದು ಸಲ ಹೊಸ ಟೈಟಾನಿಯಂ ವಾಲ್ವ್‌ಗಳನ್ನೇ ತರಿಸಿದ್ದೆ. ಒಂದು ಲೇತ್ ಅಂಗಡಿಗೆ ಹೆಡ್ ಕೊಟ್ಟೆ. ಅವರು ಸ್ಕೂಟರ್ ಹೆಡ್‌ಗೆ ಮಾಡುವ ಹಾಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಹೊಸ ವಾಲ್ವನ್ನು ಗರಗರ ತಿರುಗಿಸಿ, ಬೆಳ್ಳಗೆ ಹೊಳೆಯುವ ಹಾಗೆ ಉಜ್ಜಿ ಕೊಟ್ಟರು. ನಾನೂ ಖುಷಿಯಿಂದ ತೆಗೆದುಕೊಂಡು ಬಂದೆ. ಕೋಟಿಂಗನ್ನು ನಾವೇ ಕೈಯಾರೆ ಉಜ್ಜಿ ತೆಗೆದಿದ್ದೆವು. ನಾಲ್ಕೇ ಗಂಟೆ ಓಡಿತು. ತಪ್ಪು ಅವರದಲ್ಲ, ಇದು ಟೈಟಾನಿಯಂ, ಪೇಸ್ಟ್ ಮುಟ್ಟಿಸಬೇಡಿ ಅಂತ ನಾನು ಹೇಳಬೇಕಿತ್ತು.

ಹೊಸ ವಾಲ್ವ್ ಹಾಕುವಾಗ, ಟೈಟಾನಿಯಂ ಇರಲಿ ಸ್ಟೀಲ್ ಇರಲಿ, ಸೀಟನ್ನು ಹೊಸದಾಗಿ ಕಟ್ ಮಾಡಲೇಬೇಕು. ಹಳೆ ಸೀಟ್ ಹಳೆ ವಾಲ್ವ್ ಜೊತೆ ಸವೆದು ಅದರ ಆಕಾರಕ್ಕೆ ತಿರುಗಿರುತ್ತದೆ. ಹೊಸ ವಾಲ್ವ್ ಅದರ ಮೇಲೆ ಒಂದು ಗೆರೆಯಷ್ಟು ಮಾತ್ರ ಕೂರುತ್ತದೆ. ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಸೀಟ್ ಮೂಲಕವೇ ಹೆಡ್‌ಗೆ ದಾಟಿಸುವುದು. ಕೂರುವ ಜಾಗ ಕಮ್ಮಿಯಾದರೆ ಬಿಸಿ ಹೋಗುವುದಿಲ್ಲ, ಅಂಚು ಸುಡುತ್ತದೆ.

ಅಂಗಡಿಯಲ್ಲಿ ಕೇಳಬೇಕಾದದ್ದು ಇದು. ಮೊದಲು ಗೈಡ್ ನೋಡಿ. ಹೊಸ ವಾಲ್ವನ್ನು ಗೈಡ್‌ಗೆ ಹಾಕಿ, ಸ್ವಲ್ಪ ಮೇಲೆತ್ತಿ ಪಕ್ಕಕ್ಕೆ ಅಲುಗಾಡಿಸಿ. ಮ್ಯಾನುಯಲ್ ಮಿತಿಗಿಂತ ಜಾಸ್ತಿ ಆಟ ಇದ್ದರೆ ಗೈಡ್ ಬದಲಾಗಬೇಕು. ಇದನ್ನು ಮೊದಲು ಮಾಡಬೇಕು, ಯಾಕೆಂದರೆ ಸೀಟ್ ಕಟ್ ಮಾಡುವ ಕಟರ್‌ನ ಪೈಲಟ್ (ಕಟರ್ ನೇರ ಹಿಡಿಯುವ ಕಂಬಿ) ಕೂರುವುದು ಗೈಡ್ ಒಳಗೇ. ಗೈಡ್ ಸೊಟ್ಟಗಿದ್ದರೆ ಸೀಟ್ ಕೂಡ ಸೊಟ್ಟ. ಆಮೇಲೆ ಮೂರು ಕೋನದ ಕಟಿಂಗ್: ವಾಲ್ವ್ ಕೂರುವ ಪಟ್ಟಿ 45 ಡಿಗ್ರಿ, ಅದರ ಮೇಲೊಂದು ಕೆಳಗೊಂದು ಸುಮಾರು 30 ಮತ್ತು 60 ಡಿಗ್ರಿ. ಪಕ್ಕದ ಎರಡು ಕೋನಗಳ ಕೆಲಸ 45ರ ಪಟ್ಟಿಯನ್ನು ಬೇಕಾದ ಅಗಲಕ್ಕೆ, ಬೇಕಾದ ಜಾಗಕ್ಕೆ ತರುವುದು. ಅಗಲ ಸುಮಾರು 1 ಮಿ.ಮೀ. ಇರಬೇಕು, ವಾಲ್ವ್ ಮುಖದ ನಡುವೆ ತಾಗಬೇಕು.

ಇದನ್ನು ನೋಡಲು ವಾಲ್ವ್ ಮುಖಕ್ಕೆ ನೀಲಿ ಬಣ್ಣದ ಪೇಸ್ಟ್ ತೆಳ್ಳಗೆ ಸವರಿ, ಸೀಟ್ ಮೇಲಿಟ್ಟು ಒತ್ತಿ ತೆಗೆಯುತ್ತಾರೆ. ಸುತ್ತಲೂ ಒಂದೇ ಅಗಲದ, ಎಲ್ಲೂ ತುಂಡಾಗದ ಉಂಗುರ ಮೂಡಬೇಕು. ಮೂಡುವವರೆಗೆ ಒಪ್ಪಿಕೊಳ್ಳಬೇಡಿ. ಸ್ಟೀಲ್ ವಾಲ್ವ್ ಆದರೆ ನಯವಾದ ಪೇಸ್ಟ್‌ನಿಂದ ಎರಡು ಸುತ್ತು ತಿಕ್ಕಿ ಉಂಗುರ ನೋಡುವುದು ತಪ್ಪಲ್ಲ. ಆದರೆ ಕಟಿಂಗ್ ಮಾಡುವ ಬದಲು ಪೇಸ್ಟ್‌ನಲ್ಲೇ ಮುಗಿಸುತ್ತೇನೆ ಅನ್ನುವವರ ಹತ್ತಿರ ಹೆಡ್ ಬಿಡಬೇಡಿ. ವಾಲ್ವ್‌ನ ತುದಿಯನ್ನು ಗ್ರೈಂಡ್ ಮಾಡಿ ಗ್ಯಾಪ್ ಸರಿಮಾಡುತ್ತೇನೆ ಅಂದರೂ ಬೇಡ ಅನ್ನಿ.

ಸೀಟ್ ಕಡಿದಷ್ಟೂ ವಾಲ್ವ್ ಒಳಗೆ ಹೋಗುತ್ತದೆ, ಸ್ಪ್ರಿಂಗ್ ಅಷ್ಟು ಸಡಿಲವಾಗುತ್ತದೆ. ಕಿಟ್ ಜೊತೆಗಿನ ಹಾಳೆಯಲ್ಲಿ ಸ್ಪ್ರಿಂಗ್ ಕೂರಬೇಕಾದ ಎತ್ತರ ಕೊಟ್ಟಿರುತ್ತಾರೆ. ಅದನ್ನು ಅಳೆಸಿ. ಜಾಸ್ತಿ ಇದ್ದರೆ ಸ್ಪ್ರಿಂಗ್ ಕೆಳಗೆ ತೆಳು ವಾಷರ್ ಹಾಕಿ ಸರಿಮಾಡಬೇಕು. ಹೆಡ್‌ನ ಅಡಿ ಮಟ್ಟವಾಗಿದೆಯಾ ಅಂತ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್‌ನಿಂದ ನೋಡಿಸಿ.

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಒಳ್ಳೆ ಮಷಿನ್ ಕೆಲಸ ಮಾಡುವವರಿಗೆ ಬರವಿಲ್ಲ. ಆದರೆ 5 ಮಿ.ಮೀ. ಆಸುಪಾಸಿನ ಸಣ್ಣ ಸ್ಟೆಮ್‌ಗೆ ಪೈಲಟ್ ಇದೆಯಾ ಅಂತ ಕೇಳಿಯೇ ಕೊಡಿ. ಕಾರಿನ ಹೆಡ್ ಮಾಡುವವರ ಹತ್ತಿರ ಎಲ್ಲ ಇರುತ್ತದೆ, ಅದೊಂದು ಇರುವುದಿಲ್ಲ. ನನಗೆ ಆ ಸಮಯಕ್ಕೆ ಇಲ್ಲಿ ಸಿಗಲಿಲ್ಲ. ಹೆಡ್ಡನ್ನು ಹಳೆ ಟವಲ್‌ನಲ್ಲಿ ಸುತ್ತಿ, ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ರೈಲು ಹತ್ತಿದೆ. ಇಡೀ ಬೈಕ್ ಟೆಂಪೋದಲ್ಲಿ ಹಾಕಿಕೊಂಡು ಹೋಗುವುದಕ್ಕಿಂತ ಎಷ್ಟೋ ವಾಸಿ. ಮೊಟೊಕ್ರಾಸ್ ಬೈಕ್ ರಸ್ತೆಗೆ ಇಳಿಸುವ ಹಾಗೆಯೂ ಇಲ್ಲವಲ್ಲ. ಮದ್ದೂರು ಬಂದಾಗ ವಡೆ ತಿಂದೆ, ಪಕ್ಕದವರು ಬ್ಯಾಗಿನಲ್ಲಿ ಏನು ಅಂತ ಕೇಳಿದರು. "ತಲೆ" ಅಂದೆ. ಆಮೇಲೆ ಮಾತಾಡಲಿಲ್ಲ.

ವಾಪಸ್ ಜೋಡಣೆ

ಹೆಡ್ ಬಂದ ಮೇಲೆ ಬಿಸಿ ಸೋಪು ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಗೈಡ್ ಒಳಗೂ ತೊಳೆಯಿರಿ. ಗಾಳಿ ಹೊಡೆದು ಒಣಗಿಸಿ. ಹೊಸ ಸ್ಟೆಮ್ ಸೀಲ್ ಕೂರಿಸಿ, ವಾಲ್ವ್ ಸ್ಟೆಮ್‌ಗೆ ಮಾಲಿಬ್ಡಿನಂ ಬೆರೆತ ಅಸೆಂಬ್ಲಿ ಎಣ್ಣೆ ಸವರಿ ತಿರುಗಿಸುತ್ತಾ ತೂರಿಸಿ. ಸ್ಪ್ರಿಂಗ್ ಒತ್ತಿ ಲಾಕ್ ಹಾಕುವಾಗ ಅವು ಬೀಳುತ್ತಲೇ ಇರುತ್ತವೆ. ಚೂರು ಗ್ರೀಸ್ ಹಚ್ಚಿ, ಅಂಟಿಕೊಂಡು ನಿಲ್ಲುತ್ತವೆ. ಎಲ್ಲ ಆದ ಮೇಲೆ ವಾಲ್ವ್ ತುದಿಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಎರಡು ಸಲ ತಟ್ಟಿ. ಲಾಕ್ ಸರಿಯಾಗಿ ಕೂರದಿದ್ದರೆ ಈಗಲೇ ಹಾರಲಿ. ಕಣ್ಣಿಗೆ ಕನ್ನಡಕ ಇರಲಿ.

ಈಗ ಸೋರಿಕೆ ಪರೀಕ್ಷೆ. ಇನ್‌ಟೇಕ್ ದಾರಿಗೆ ಸ್ವಲ್ಪ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಬಿಡಿ. ವಾಲ್ವ್ ಅಂಚಿನಲ್ಲಿ ಒದ್ದೆ ಕಾಣಬಾರದು. ಎಕ್ಸಾಸ್ಟ್‌ಗೂ ಹಾಗೇ. ಒದ್ದೆಯಾದರೆ ಬಿಚ್ಚಿ ವಾಪಸ್ ಅಂಗಡಿಗೆ. ಬೇಜಾರು ಆಗುತ್ತದೆ, ಆದರೂ ಹೋಗಿ.

ಹೊಸ ಹೆಡ್ ಗ್ಯಾಸ್ಕೆಟ್, ಡೋವೆಲ್ ಇಟ್ಟು ಹೆಡ್ ಕೂರಿಸಿ. ಮ್ಯಾನುಯಲ್ ಹೇಳಿದ ಕ್ರಮದಲ್ಲಿ, ಎರಡು ಮೂರು ಹಂತದಲ್ಲಿ ಬಿಗಿ ಮಾಡಿ. ಟಾರ್ಕ್ ವ್ರೆಂಚ್ ಬೇಕೇ ಬೇಕು. ಕ್ಯಾಮ್ ಕ್ಯಾಪ್ ಬೋಲ್ಟ್‌ಗಳಿಗೆ ಚಿಕ್ಕ ವ್ರೆಂಚ್ ಬೇರೆ ಬೇಕು, ಕಾರಿನ ಚಕ್ರಕ್ಕೆ ಬಳಸುವುದರಲ್ಲಿ ಅಷ್ಟು ಕಡಿಮೆ ಅಳತೆ ತೋರಿಸುವುದಿಲ್ಲ. ಕೈ ಅಂದಾಜಿನಲ್ಲಿ ಬಿಗಿ ಮಾಡಿದರೆ ಹೆಡ್‌ನ ಥ್ರೆಡ್ ಕಿತ್ತು ಬರುತ್ತದೆ.

ಶಿಮ್ ಲೆಕ್ಕ ಹೀಗೆ. ಮೊದಲು ಬೇಕೆಂದೇ ತೆಳುವಾದ ಶಿಮ್ ಹಾಕಿ, ಕ್ಯಾಮ್ ಕೂರಿಸಿ, ಗ್ಯಾಪ್ ಅಳೆಯಿರಿ. ಹಾಕಿದ ಶಿಮ್‌ಗೆ ಅಳೆದ ಗ್ಯಾಪ್ ಸೇರಿಸಿ, ಬೇಕಾದ ಗ್ಯಾಪ್ ಕಳೆದರೆ ಹೊಸ ಶಿಮ್ ಅಳತೆ ಸಿಗುತ್ತದೆ. ನನ್ನ ಒಂದು ಇನ್‌ಟೇಕ್ ವಾಲ್ವ್‌ನಲ್ಲಿ 1.80ರ ಶಿಮ್ ಹಾಕಿದಾಗ ಗ್ಯಾಪ್ 0.29 ಬಂತು. ನನಗೆ ಬೇಕಿದ್ದದ್ದು 0.14. ಅಂದರೆ 1.80ಕ್ಕೆ 0.29 ಕೂಡಿಸಿ 0.14 ಕಳೆದರೆ 1.95. ಶಿಮ್ ಮೇಲಿನ ಅಚ್ಚನ್ನು ನಂಬದೆ ಮೈಕ್ರೋಮೀಟರ್‌ನಲ್ಲಿ ಅಳೆದು ಹಾಕಿ.

0.10ರಿಂದ 0.15ರ ಒಳಗೆ ಯಾಕೆ 0.14? ಟೈಟಾನಿಯಂಗಿಂತ ಈ ಸ್ಟೀಲ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ಹೊಸ ಸೀಟ್ ಕೂಡ ಒಂದಿಷ್ಟು ಕೂತುಕೊಳ್ಳುತ್ತದೆ. ಎರಡೂ ಗ್ಯಾಪನ್ನು ಕಮ್ಮಿ ಮಾಡುವಂಥವೇ. ಹಾಗಾಗಿ ಸಡಿಲದ ಕಡೆ ಇಡುವುದು ಕ್ಷೇಮ.

ಟೈಮಿಂಗ್ ಗುರುತು ಮೂರು ಸಲ ನೋಡಿ. ಟೆನ್ಷನರ್ ಹಾಕಿದ ಮೇಲೆ ಮತ್ತೆ ನೋಡಿ, ಚೈನ್ ಬಿಗಿಯಾದಾಗ ಒಂದು ಹಲ್ಲು ಜಾರಿರಬಹುದು. ಆಮೇಲೆ ಪ್ಲಗ್ ಇಲ್ಲದೆ, ಕ್ರ್ಯಾಂಕ್ ನಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಾಲ್ಕೈದು ಸುತ್ತು ತಿರುಗಿಸಿ. ಎಲ್ಲಾದರೂ ಟಕ್ ಅಂತ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗುತ್ತಿದೆ. ಕಿಕ್ ಹೊಡೆದು ನೋಡೋಣ ಅನ್ನುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಮೊದಲ ಕೆಲವು ಗಂಟೆ

ಹೊಸ ಎಣ್ಣೆ, ಹೊಸ ಎಣ್ಣೆ ಫಿಲ್ಟರ್, ಕೂಲೆಂಟ್ ತುಂಬಿ ಸ್ಟಾರ್ಟ್ ಮಾಡಿ. ಬಿಸಿಯಾಗುವವರೆಗೆ ಬಿಡಿ, ಪೂರ್ತಿ ತಣ್ಣಗಾಗಲಿ. ಹೀಗೆ ಎರಡು ಮೂರು ಸಲ. ಆಮೇಲೆ ಗ್ಯಾಪ್ ಅಳೆದು ಬರೆಯಿರಿ. ಮೊದಲ ಸವಾರಿ ಮೆಲ್ಲಗೆ ಇರಲಿ. ಎರಡು ಮೂರು ಗಂಟೆ ಓಡಿದ ಮೇಲೆ ಎಣ್ಣೆ ಬದಲಿಸಿ, ಮತ್ತೆ ಅಳೆಯಿರಿ. ಸ್ಟೀಲ್ ಹಾಕಿದ ಮೇಲೆ ರೆವ್ ಲಿಮಿಟರ್‌ಗೆ (ಇಂಜಿನ್ ವೇಗದ ಕೊನೆ ಮಿತಿಗೆ) ಹೊಡೆಸಿಕೊಂಡು ಕಿರುಚಿಸುವ ಅಭ್ಯಾಸ ಬಿಡಬೇಕು. ಒಂದು ಗೇರ್ ಮೇಲೆ ಹಾಕಿ.

ಏರ್ ಫಿಲ್ಟರ್ ಬಗ್ಗೆ ಕೊನೆಗೆ ಹೇಳುತ್ತಿದ್ದೇನೆ, ಆದರೆ ಮೊದಲೇ ಹೇಳಬೇಕಿತ್ತು. ನಮ್ಮ ಧೂಳಿನಲ್ಲಿ ಪ್ರತಿ ಸವಾರಿಯ ನಂತರ ಫೋಮ್ ತೊಳೆಯಬೇಕು, ಎರಡನೇ ಮಾತಿಲ್ಲ. ಎರಡು ಫೋಮ್ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಬಳಸಬಹುದು. ಸೀಮೆಎಣ್ಣೆಯಲ್ಲಿ ಅದ್ದಿ, ಸೋಪು ನೀರಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸಿ. ಫಿಲ್ಟರ್ ಎಣ್ಣೆಯನ್ನು ಎಲ್ಲ ಕಡೆ ಒಂದೇ ಬಣ್ಣ ಬರುವ ಹಾಗೆ ನಾದಿ. ಫಿಲ್ಟರ್ ಅಂಚು ಕೂರುವ ಜಾಗಕ್ಕೆ ಗ್ರೀಸ್ ಹಚ್ಚಿ. ಧೂಳು ಹೆಚ್ಚಾಗಿ ನುಸುಳುವುದು ಫೋಮ್ ಮೂಲಕ ಅಲ್ಲ, ಈ ಅಂಚಿನಿಂದ.

ಒಂದು ಸಣ್ಣ ಪರೀಕ್ಷೆ. ಹಳೆ ಬಿಳಿ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿ, ಫಿಲ್ಟರ್ ತೆಗೆದಾಗ ಕಾರ್ಬ್ಯುರೇಟರ್ ಕಡೆಗೆ ಹೋಗುವ ರಬ್ಬರ್ ಕೊಳವೆಯ ಒಳಗೆ ಸವರಿ. ಬಟ್ಟೆಗೆ ಕೆಂಪು ಬಂದರೆ ಅದೇ ಕೆಂಪು ವಾಲ್ವ್ ಮೇಲೂ ಹೋಗಿದೆ. ರಬ್ಬರ್ ಬಿರುಕು ಬಿಟ್ಟಿದೆಯಾ, ಕ್ಲಿಪ್ ಸಡಿಲವಾಗಿದೆಯಾ ನೋಡಿ.

ನನ್ನ ನೋಟ್‌ಬುಕ್‌ನಲ್ಲಿ ಆ ಇನ್‌ಟೇಕ್ ವಾಲ್ವ್‌ನ ಲೆಕ್ಕ ಹೀಗಿದೆ. ಜೋಡಿಸಿದ ದಿನ 0.14. ಮೂರು ಗಂಟೆಗೆ 0.13. ಹದಿನೈದಕ್ಕೆ 0.13. ಮೂವತ್ತಕ್ಕೆ 0.12. ನಲವತ್ತೈದಕ್ಕೆ 0.12. ಶಿಮ್ ಇನ್ನೂ ಅದೇ 1.95. ಬಿಸಿಯಿದ್ದಾಗಲೂ ಬೈಕ್ ಎರಡು ಮೂರು ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಇಡ್ಲಿ ತಟ್ಟೆ ಗ್ಯಾರೇಜ್‌ನ ಮೊಳೆಗೆ ನೇತು ಬಿದ್ದಿದೆ, ಅರವತ್ತನೇ ಗಂಟೆಯ ಅಳತೆಗೆ ಮತ್ತೆ ಇಳಿಸಬೇಕು.